ಉಬ್ಬಸವಿದ್ದವರೂ ಕೋಲಾಟ ಆಡಬಹುದು

(ದಂಪತಿಗಳ ಆರೋಗ್ಯ ಶಿಬಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಇಂದಿನ ನನ್ನ ಮಾತಿನ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಉಬ್ಬಸದ ರೋಗಿಗೆ ಸುಮ್ಮನೆ ಮಲಗಿರು ಎನ್ನಬೇಕಾದ ವೈದ್ಯರು ಕುಣಿ ಎಂದು ಹೇಳುವುದುಂಟೆ ಎಂದು ತಾವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದುದರಿಂದ ನಮ್ಮ ಆರೋಗ್ಯ ಕೇಂದ್ರದಲ್ಲಿ ನಡೆದ ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ.

ಒಂದು ಹಬ್ಬದ ರಾತ್ರಿ ಹನ್ನೊಂದು ಗಂಟೆಯ ಸುಮಾರಿಗೆ ಯುವಕನೊಬ್ಬನು ತನ್ನ ಪತ್ನಿಯನ್ನು ಮೋಟಾರು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದನು. ಆಕೆಗೆ ಮಾತನಾಡಲು ಉಸಿರು ಸಾಲದು. ಎದೆಯಿಂದ ಗೊರಗೊರ ಸದ್ದು ದೂರಕ್ಕೇ ಕೇಳುತ್ತಿತ್ತು. ಗುಡಿಯ ಮುಂದೆ ಹೆಂಗಸರ ಕೋಲಾಟದಲ್ಲಿ ಕುಣಿಯುತ್ತಿದ್ದಾಗ ಉಬ್ಬಸ ಆರಂಭವಾಗಿತ್ತು. ಆಮ್ಲಜನಕ ಕೊಟ್ಟು, ನೆಬ್ಯುಲೈಜರ್ ಯಂತ್ರದ ಮೂಲಕ ಔಷಧವನ್ನು ಉಸಿರಿನಲ್ಲಿ ಕೊಟ್ಟ ಮೇಲೆ ಬೆಳಗಿನ ಜಾವದ ಹೊತ್ತಿಗೆ ಆಕೆ ಚೇತರಿಸಿಕೊಂಡಳು. "ಡಾಕ್ಟ್ರೇ, ಇನ್ನು ಮೇಲೆ ಇವಳನ್ನು ಕೋಲಾಟಕ್ಕೆ ಕಳಿಸೋದಿಲ್ಲ" ಎಂದು ಪತಿಯು ನಿಶ್ಚಯವಾಗಿ ಹೇಳಿದನು. ಆಗ ಆಕೆ ತಲೆ ತಗ್ಗಿಸಿ ಅತ್ತಳು.

ವಿಚಾರಿಸಿದಾಗ ನಿಜಸಂಗತಿ ಹೊರಬಂತು. ಆಕೆಗೆ ಬಾಲ್ಯದಿಂದಲೂ ಉಬ್ಬಸವಿತ್ತು. ಮದುವೆಗೆ ಅಡ್ಡಿಯಾದೀತೆಂದು ತವರಿನವರು ಅದನ್ನು ಮುಚ್ಚಿಟ್ಟಿದ್ದರು. ಆಕೆಯ ಇನ್‌ಹೇಲರು ಟ್ರಂಕಿನ ತಳದಲ್ಲಿ ಸೀರೆಗಳ ಅಡಿಯಲ್ಲಿತ್ತು. ಪ್ರತಿದಿನ ತೆಗೆದುಕೊಳ್ಳಬೇಕಾದ ಔಷಧವನ್ನು ಅತ್ತೆಯವರು ನೋಡಿಬಿಟ್ಟಾರೆಂಬ ಭಯದಿಂದ ತಿಂಗಳುಗಟ್ಟಲೆ ತೆಗೆದುಕೊಂಡಿರಲಿಲ್ಲ. ಕುಣಿತದ ನಡುವೆ ಉಸಿರು ಕಟ್ಟತೊಡಗಿದಾಗಲೂ ನಾಲ್ಕು ಜನರ ಮುಂದೆ ಹೇಳಲು ನಾಚಿ ಇನ್ನೆರಡು ಹಾಡಿಗೆ ಕುಣಿದಿದ್ದಳು. ಅಂದು ಆಕೆಯ ಪ್ರಾಣಕ್ಕೆ ಅಪಾಯ ತಂದದ್ದು ಈ ಬಚ್ಚಿಟ್ಟ ಔಷಧವೇ ಎಂದು ಆ ಪತಿಗೆ ನಾನು ತಿಳಿಸಿ ಹೇಳಿದೆನು. ಅದೇ ಮಾತನ್ನು ಇಂದು ತಮಗೆಲ್ಲರಿಗೂ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ನಾವು ಉಬ್ಬಸ, ಗೂರಲು, ದಮ್ಮು ಎಂದು ಕರೆಯುವ ಈ ರೋಗವು ಶ್ವಾಸನಾಳಗಳಿಗೆ ಸಂಬಂಧಿಸಿದ್ದು. ಉಬ್ಬಸದವರ ಶ್ವಾಸನಾಳಗಳ ಒಳಪೊರೆಯು ಸದಾ ಸ್ವಲ್ಪ ಊದಿಕೊಂಡು ಕೆರಳಿರುತ್ತದೆ. ಧೂಳು, ಹೊಗೆ, ಚಳಿಗಾಳಿ, ನೆಗಡಿ ಇವುಗಳಲ್ಲಿ ಯಾವುದಾದರೂ ತಗುಲಿದರೆ ನಾಳದ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಕಫವು ತುಂಬುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಮನೆಯಲ್ಲಿ ಮಲಗಿದರೂ ಹರಡುವುದಿಲ್ಲ. ಕೆಲವು ಮನೆತನಗಳಲ್ಲಿ ಇದರ ಒಲವು ಹೆಚ್ಚಾಗಿ ಕಂಡುಬರುವುದು ನಿಜ. ಆದರೆ ಅದು ಯಾರ ತಪ್ಪೂ ಅಲ್ಲ, ಮುಚ್ಚಿಡಬೇಕಾದ ಕಳಂಕವೂ ಅಲ್ಲ.

ಹಾಗಾದರೆ ಕುಣಿದಾಗ ಉಬ್ಬಸವೇಕೆ ಬರುತ್ತದೆ? ಸಾಮಾನ್ಯವಾಗಿ ನಾವು ಮೂಗಿನಿಂದ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಸೋಸಿ ಒಳಗೆ ಬಿಡುತ್ತದೆ. ವೇಗವಾಗಿ ಕುಣಿಯುವಾಗ ಬಾಯಿಂದ ಉಸಿರಾಡತೊಡಗುತ್ತೇವೆ. ಒಣಗಿದ ತಂಪುಗಾಳಿಯು ನೇರವಾಗಿ ಒಳನುಗ್ಗಿ ಶ್ವಾಸನಾಳದ ತೇವವನ್ನು ಹೀರುತ್ತದೆ. ಮೊದಲೇ ಕೆರಳಿರುವ ನಾಳವು ಇದರಿಂದ ಬಿಗಿದುಕೊಳ್ಳುತ್ತದೆ. ಈ ಬಿಗಿತವು ಎಷ್ಟೋ ವೇಳೆ ಕುಣಿತ ನಿಲ್ಲಿಸಿದ 5ರಿಂದ 10 ನಿಮಿಷಗಳ ಬಳಿಕ ಹೆಚ್ಚಾಗುತ್ತದೆಂಬುದನ್ನು ನೆನಪಿಡಬೇಕು. ಆದುದರಿಂದ ಕುಣಿತ ಮುಗಿದೊಡನೆ ಒಬ್ಬರೇ ಮನೆಯ ದಾರಿ ಹಿಡಿಯಬಾರದು.

ಇಷ್ಟು ಕೇಳಿದ ಮೇಲೆ ಕುಣಿತವನ್ನೇ ಬಿಟ್ಟರೆ ಕ್ಷೇಮವಲ್ಲವೆ ಎನಿಸಬಹುದು. ಹಾಗಲ್ಲ. ದೇಹಕ್ಕೆ ಶ್ರಮವೇ ಇಲ್ಲದವರಿಗೆ ಸ್ವಲ್ಪ ನಡೆದರೂ ಏದುಸಿರು ಬರುತ್ತದೆ. ಅದಕ್ಕೆ ಹೆದರಿ ಅವರು ಮತ್ತಷ್ಟು ಕುಳಿತೇ ಇರುತ್ತಾರೆ, ಮೈ ಬೆಳೆಯುತ್ತದೆ, ಉಬ್ಬಸವೂ ಹೆಚ್ಚುತ್ತದೆ. ಕ್ರಮವಾದ ವ್ಯಾಯಾಮದಿಂದ ಹೃದಯವೂ ಸ್ನಾಯುಗಳೂ ಬಲಗೊಂಡು, ಅದೇ ಕೆಲಸವನ್ನು ಕಡಿಮೆ ಉಸಿರಿನಲ್ಲಿ ಮಾಡಲು ಸಾಧ್ಯವಾಗುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಉಬ್ಬಸ ಹತೋಟಿಯಲ್ಲಿರುವವರಿಗೂ ಈ ಮಾತು ಅನ್ವಯಿಸುತ್ತದೆ. ವ್ಯಾಯಾಮದಿಂದ ಉಬ್ಬಸವು ವಾಸಿಯಾಗುವುದಿಲ್ಲವೆಂಬುದನ್ನೂ ಹೇಳಬೇಕು. ಅದು ಔಷಧಕ್ಕೆ ಬದಲಿಯಲ್ಲ, ಜೊತೆಗಾರ.

ಅಮೆರಿಕದ ಜಾಕಿ ಜಾಯ್ನರ್ ಕರ್ಸಿ ಎಂಬ ಮಹಿಳೆಗೆ ಉಬ್ಬಸವಿತ್ತು. ಆರಂಭದಲ್ಲಿ ಆಕೆಯೂ ರೋಗವನ್ನು ಒಪ್ಪಿಕೊಳ್ಳದೆ, ಔಷಧವನ್ನು ಅಲಕ್ಷಿಸಿ ಕಷ್ಟಕ್ಕೆ ಸಿಲುಕಿದವರೇ. ಅನಂತರ ಚಿಕಿತ್ಸೆಯನ್ನು ಕ್ರಮಪಡಿಸಿಕೊಂಡರು. 1988ರ ಸಿಯೋಲ್ ಹಾಗೂ 1992ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡೆಗಳಲ್ಲಿ ಓಟ, ನೆಗೆತ, ಎಸೆತಗಳ ಏಳು ಸ್ಪರ್ಧೆಗಳು ಸೇರಿದ ಹೆಪ್ಟಾಥ್ಲಾನಿನಲ್ಲಿ ಚಿನ್ನದ ಪದಕ ಪಡೆದರು. ನಮ್ಮೂರಿನ ಗುಡಿಯ ಮುಂದಿನ ಕೋಲಾಟಕ್ಕೆ ಅಷ್ಟು ಶಕ್ತಿ ಬೇಕಾಗಿಲ್ಲ.

ಈಗ ಕ್ರಮಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಏದುಸಿರು ಬರುವುದೆಲ್ಲವೂ ಉಬ್ಬಸವಲ್ಲ. ರಕ್ತಹೀನತೆಯಿಂದಲೂ ಹೃದ್ರೋಗದಿಂದಲೂ ಉಸಿರು ಸಾಲದಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಕೆಮ್ಮು ಎರಡು ವಾರಕ್ಕೂ ಮೀರಿದ್ದರೆ ಕ್ಷಯರೋಗಕ್ಕಾಗಿ ಕಫ ಪರೀಕ್ಷೆ ಮಾಡಿಸಬೇಕು. ಇದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆದುದರಿಂದ ಕುಣಿಯಲು ತೊಡಗುವ ಮುನ್ನ ಒಮ್ಮೆ ವೈದ್ಯರಲ್ಲಿ ತೋರಿಸಿಕೊಳ್ಳಿರಿ.

ಎರಡನೆಯದಾಗಿ, ಔಷಧಗಳ ವ್ಯತ್ಯಾಸವನ್ನು ತಿಳಿಯಿರಿ. ಜನರು ಪಂಪು ಎನ್ನುವ ಇನ್‌ಹೇಲರುಗಳು ಮುಖ್ಯವಾಗಿ ಎರಡು ಬಗೆ. ಬುಡೆಸೊನೈಡ್, ಬೆಕ್ಲೊಮೆಥಸೋನ್ ಮೊದಲಾದವು ನಾಳದ ಊತವನ್ನು ತಗ್ಗಿಸುವ ಔಷಧಗಳು. ಇವನ್ನು ಉಬ್ಬಸವಿಲ್ಲದ ದಿನವೂ ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು, ಬಳಿಕ ಬಾಯಿ ಮುಕ್ಕಳಿಸಬೇಕು. ಸಾಲ್ಬುಟಮಾಲ್ ಎಂಬುದು ಬಿಗಿತವನ್ನು ಕೂಡಲೇ ಸಡಿಲಿಸುವ ಔಷಧ. ಇದು ಬೇಗ ಸುಖ ಕೊಡುವುದರಿಂದ ಅನೇಕರು ಇದನ್ನೊಂದನ್ನೇ ನೆಚ್ಚುತ್ತಾರೆ. ಒಳಗಿನ ಊತ ಹಾಗೆಯೇ ಉಳಿಯುವುದರಿಂದ ಇದು ಅಪಾಯಕರ. ಕೆಲವರಿಗೆ ಎರಡೂ ಗುಣಗಳಿರುವ ಒಂದೇ ಇನ್‌ಹೇಲರನ್ನು ಕೊಡುವುದೂ ಉಂಟು. ಇನ್‌ಹೇಲರು ಚಟ ಹತ್ತಿಸುತ್ತದೆಂಬುದು ತಪ್ಪು ತಿಳುವಳಿಕೆ. ಮೃಗಶಿರ ಮಳೆ ಕೂಡುವ ದಿನದ ಔಷಧವನ್ನು ನಂಬಿ ದೂರ ಹೋಗುವವರಿದ್ದಾರೆ. ನಂಬಿಕೆ ಏನೇ ಇರಲಿ, ಅದಕ್ಕಾಗಿ ಇನ್‌ಹೇಲರನ್ನು ಬಿಡಬೇಡಿರಿ.

ಮೂರನೆಯದಾಗಿ, ಕುಣಿಯಬಾರದ ದಿನಗಳಿವೆ. ಈ ವಾರ ರಾತ್ರಿ ಉಬ್ಬಸದಿಂದ ಎಚ್ಚರವಾಗಿದ್ದರೆ, ಉಬ್ಬಸಕ್ಕೆಂದು ಸಾಲ್ಬುಟಮಾಲನ್ನು ಎರಡಕ್ಕಿಂತ ಹೆಚ್ಚು ಸಲ ಬಳಸಬೇಕಾಗಿ ಬಂದಿದ್ದರೆ, ನೆಗಡಿ ಜ್ವರವಿದ್ದರೆ, ಎದೆಯಲ್ಲಿ ಈಗಲೇ ಸದ್ದಿದ್ದರೆ ಅಂದು ಕೋಲು ಹಿಡಿಯಬೇಡಿರಿ. ಕುಳಿತು ಹಾಡಿರಿ, ತಾಳ ಹಾಕಿರಿ. ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಿರಿ.

ನಾಲ್ಕನೆಯದಾಗಿ, ಸ್ಥಳವನ್ನು ಆರಿಸಿಕೊಳ್ಳಿರಿ. ಒಕ್ಕಣೆ ಮುಗಿದ ಕಣದಲ್ಲಿ ಹೊಟ್ಟು ಧೂಳು ಹಾರುತ್ತಿರುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ ಕುಣಿಯಿರಿ. ಪಟಾಕಿ, ಸಾಂಬ್ರಾಣಿ, ಬೀಡಿ ಇವುಗಳ ಹೊಗೆಯಿರುವಲ್ಲಿ ನಿಲ್ಲಬೇಡಿರಿ. ಕಾಂಗ್ರೆಸ್ ಗಿಡ ಹೂಬಿಟ್ಟು ನಿಂತಿರುವ ಬಯಲನ್ನು ಬಿಡಿರಿ. ಧನುರ್ಮಾಸದ ಬೆಳಗಿನ ಚಳಿಯಲ್ಲಿ ಕುಣಿಯಲೇಬೇಕಾದರೆ ಮೂಗು ಬಾಯಿಗಳಿಗೆ ತೆಳು ಬಟ್ಟೆ ಕಟ್ಟಿಕೊಳ್ಳಿರಿ.

ಐದನೆಯದಾಗಿ, ಕುಣಿಯುವ ಬಗೆ. ವೈದ್ಯರು ಸೂಚಿಸಿದ್ದರೆ ಕುಣಿತಕ್ಕೆ 10ರಿಂದ 15 ನಿಮಿಷ ಮೊದಲು ಇನ್‌ಹೇಲರನ್ನು ತೆಗೆದುಕೊಳ್ಳಿರಿ. ಕೋಲಾಟವು ನಿಧಾನದ ಹೆಜ್ಜೆಯಿಂದ ಆರಂಭವಾಗಿ ಮೆಲ್ಲಮೆಲ್ಲನೆ ವೇಗ ಪಡೆಯುತ್ತದೆ. ಉಬ್ಬಸದವರಿಗೆ ಇದು ಬಹಳ ಅನುಕೂಲ. ಮೊದಲ 10 ನಿಮಿಷ ನಿಧಾನವಾಗಿಯೇ ಹೆಜ್ಜೆ ಹಾಕಿ ಮೈ ಬೆಚ್ಚಗಾಗಲು ಬಿಡಿರಿ. ನಡುವೆ ವೇಗದ ಗತಿ ಬಂದಾಗ ಒಂದು ಹಾಡಿಗೆ ಕುಣಿದು ಒಂದು ಹಾಡಿಗೆ ವಿರಮಿಸಿರಿ. ವೇಗವಾಗಿ ಕುಣಿಯುವಾಗ ಹಾಡುವ ಹೊಣೆಯನ್ನು ಇತರರಿಗೆ ಬಿಡಿರಿ. ಶ್ರಮ ಮಿತಿಯಲ್ಲಿದೆಯೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಪಕ್ಕದವರೊಡನೆ ಒಂದು ಪೂರ್ತಿ ಮಾತನ್ನು ಒಂದೇ ಉಸಿರಿನಲ್ಲಿ ಆಡಲು ಸಾಧ್ಯವಾದರೆ ಸರಿ. ಮಾತು ತುಂಡು ತುಂಡಾದರೆ ವೇಗ ತಗ್ಗಿಸಿರಿ. ಕೊನೆಗೆ ಥಟ್ಟನೆ ನಿಲ್ಲದೆ 5ರಿಂದ 10 ನಿಮಿಷ ಮೆಲ್ಲಗೆ ನಡೆದಾಡಿರಿ.

ಡೊಳ್ಳು ಕುಣಿತದ ಗಂಡಸರಿಗೆ ಒಂದು ಮಾತು. ಭಾರವಾದ ಡೊಳ್ಳನ್ನು ಹೊತ್ತು ನೆಗೆಯುವುದು ಹೆಚ್ಚಿನ ಶ್ರಮ. ಉಬ್ಬಸವಿರುವವರು ಮೊದಲ ಕೆಲವು ವಾರ ತಾಳ ಹಿಡಿದು ಹೆಜ್ಜೆ ಅಭ್ಯಾಸ ಮಾಡಿ, ಅನಂತರವೇ ಡೊಳ್ಳು ಹೊರಲಿ. ಕುಣಿದ ಮಾರನೆಯ ದಿನ ಮೈಕೈ ನೋವಿಗೆಂದು ಅಂಗಡಿಯಲ್ಲಿ ಸಿಕ್ಕ ಮಾತ್ರೆಯನ್ನು ನುಂಗಬೇಡಿರಿ. ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳಿಂದ ಕೆಲವು ಉಬ್ಬಸದವರಿಗೆ ತೀವ್ರ ತೊಂದರೆಯಾಗುತ್ತದೆ.

ಇಷ್ಟಾದರೂ ಉಬ್ಬಸ ಬಂದರೆ ಏನು ಮಾಡಬೇಕು? ಇದನ್ನು ಪತಿ ಪತ್ನಿಯರಿಬ್ಬರೂ ಬಾಯಿಪಾಠ ಮಾಡಿಕೊಳ್ಳಬೇಕು. ಕುಣಿತ ನಿಲ್ಲಿಸಿ ರೋಗಿಯನ್ನು ನೆಟ್ಟಗೆ ಕೂರಿಸಿರಿ, ಮಲಗಿಸಬೇಡಿರಿ. ಸುತ್ತ ಗುಂಪುಗೂಡಲು ಬಿಡಬೇಡಿರಿ. ಸಾಲ್ಬುಟಮಾಲ್ ಇನ್‌ಹೇಲರನ್ನು ಅಲುಗಾಡಿಸಿ, ಸ್ಪೇಸರ್ ಎಂಬ ಕೊಳವೆಗೆ ಜೋಡಿಸಿ, ಒಂದು ಸಲ ಒತ್ತಿ ನಾಲ್ಕು ಉಸಿರು ಎಳೆಯಲು ಹೇಳಿರಿ. ಹೀಗೆ ನಾಲ್ಕು ಸಲ ಕೊಟ್ಟು ನಾಲ್ಕು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು ಸಲ ಕೊಡಿರಿ, 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೂ ಹೀಗೆಯೇ ಮುಂದುವರಿಸಿರಿ. ರೋಗಿಗೆ ಮಾತನಾಡಲಾಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆದರೆ, ಮಂಪರು ಕವಿದರೆ ಒಂದು ಕ್ಷಣವೂ ಕಾಯದೆ ಕರೆ ಮಾಡಿರಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ತುರ್ತು ವಾಹನ ಸೇವೆಗೆ ಹಣ ಕೊಡಬೇಕಾಗಿಲ್ಲ. ಸ್ಪೇಸರ್ ಬಳಸುವ ಕ್ರಮವನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಕಲಿಯಿರಿ.

ಗರ್ಭಿಣಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಗುವಿಗೆ ಕೆಡುಕಾದೀತೆಂದು ಅನೇಕರು ಬಸಿರಾದೊಡನೆ ಇನ್‌ಹೇಲರನ್ನು ನಿಲ್ಲಿಸುತ್ತಾರೆ. ಇದು ದೊಡ್ಡ ತಪ್ಪು. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಮ್ಲಜನಕ ಸಾಲದು. ಮಗು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಸಂಭವ ಹೆಚ್ಚುತ್ತದೆ. ವೈದ್ಯರ ಸಲಹೆಯಂತೆ ಇನ್‌ಹೇಲರನ್ನು ಬಸಿರಿನಲ್ಲಿಯೂ ಮೊಲೆಯೂಡಿಸುವಾಗಲೂ ಮುಂದುವರಿಸಬೇಕು. ವೈದ್ಯರು ಒಪ್ಪಿದರೆ ಗರ್ಭಿಣಿಯು ನಿಧಾನದ ಹೆಜ್ಜೆ ಹಾಕಬಹುದು. ನೆಗೆತ, ಗಿರಕಿ, ನೂಕುನುಗ್ಗಲು ಬೇಡ.

ಕಡೆಯದಾಗಿ ದಂಪತಿಗಳಲ್ಲಿ ನನ್ನ ವಿನಂತಿ. ಪತಿಗೆ ಉಬ್ಬಸವಿರಲಿ, ಪತ್ನಿಗಿರಲಿ, ಇನ್‌ಹೇಲರು ಎಲ್ಲಿದೆ ಎಂಬುದು ಇಬ್ಬರಿಗೂ ತಿಳಿದಿರಬೇಕು. ಅದು ಮುಗಿಯುತ್ತ ಬಂದಾಗ ತರುವುದು ಇಬ್ಬರ ಹೊಣೆ. ಮನೆಯೊಳಗೆ ಬೀಡಿ ಸೇದುವುದನ್ನು ಇಂದೇ ಬಿಡಿರಿ. ಸೌದೆ ಒಲೆಯ ಹೊಗೆ ಹೊರಹೋಗಲು ದಾರಿ ಮಾಡಿರಿ, ಗ್ಯಾಸ್ ಇದ್ದರೆ ಅದನ್ನೇ ಬಳಸಿರಿ. ಅತ್ತೆ ಮಾವಂದಿರು ಸೊಸೆಯ ಔಷಧವನ್ನು ಕಂಡು ಮುಖ ಗಂಟಿಕ್ಕದಿರಲಿ. ಕೋಲಾಟದ ಗುಂಪಿನಲ್ಲಿ ಯಾರಿಗೆ ಉಬ್ಬಸವಿದೆ ಎಂಬುದು ಹತ್ತಿರದ ಇಬ್ಬರಿಗಾದರೂ ಗೊತ್ತಿರಲಿ.

ಮೊದಲು ಹೇಳಿದ ಆ ದಂಪತಿಗಳು ಮುಂದಿನ ತಿಂಗಳು ಇಬ್ಬರೂ ಕೂಡಿ ಬಂದರು. ಇನ್‌ಹೇಲರು ಟ್ರಂಕಿನಿಂದ ಹೊರಬಂದು ದೇವರ ಗೂಡಿನ ಪಕ್ಕದ ಮಾಡಕ್ಕೆ ಬಂದಿತ್ತು. ರಾತ್ರಿ ಊಟವಾದೊಡನೆ ನೆನಪಿಸುವವರು ಆಕೆಯ ಅತ್ತೆಯವರೇ. ಮರುವರ್ಷದ ಹಬ್ಬಕ್ಕೆ ಆಕೆ ಮತ್ತೆ ಕೋಲು ಹಿಡಿದಳು. ನಾಲ್ಕು ಹಾಡಿಗೆ ಕುಣಿದು, ನಡುವೆ ವಿರಮಿಸಿ, ನಡೆದೇ ಮನೆಗೆ ಹೋದಳು. ಪತಿಯು ಇನ್‌ಹೇಲರನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಗುಡಿಯ ಜಗಲಿಯ ಮೇಲೆ ಕುಳಿತಿದ್ದನು. ಅಂದು ಅದನ್ನು ತೆಗೆಯುವ ಪ್ರಸಂಗವೇ ಬರಲಿಲ್ಲ.

ತಮ್ಮ ಮನೆಯಲ್ಲಿಯೂ ಉಬ್ಬಸವನ್ನು ಬಚ್ಚಿಟ್ಟವರಿದ್ದರೆ ನಾಳೆ ಬೆಳಿಗ್ಗೆ ಜೊತೆಯಲ್ಲಿ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಬನ್ನಿರಿ.