ಬಾವಿ ಬತ್ತಿತು, ಮುಂದೇನು?

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಬಯಲುಸೀಮೆಯ ಹಳ್ಳಿಯೊಂದರ ಬತ್ತಿದ ಕೊಳವೆ ಬಾವಿಗಳ ಬಗ್ಗೆ ಬರೆದೆ. ಖಾಲಿ ಕೊಡಗಳ ಸಾಲಿನ ಚಿತ್ರದೊಂದಿಗೆ ವರದಿ ದೊಡ್ಡದಾಗಿಯೇ ಪ್ರಕಟವಾಯಿತು. ಪುಟವನ್ನು ಹಿಡಿದು ಹೆಮ್ಮೆಯಿಂದ ಮತ್ತೆ ಆ ಊರಿಗೆ ಹೋದೆ. ಹಿರಿಯರೊಬ್ಬರು ಮೊಮ್ಮಗಳಿಂದ ಪೂರ್ತಿ ಓದಿಸಿ ಕೇಳಿ, 'ಬಾವಿ ಬತ್ತಿದ್ದು ನಮಗೆ ಗೊತ್ತೇ ಇತ್ತಲ್ಲಪ್ಪಾ, ಗೊತ್ತಿಲ್ಲದ್ದು ಏನಾದರೂ ಬರೆದಿದ್ದೀಯಾ?' ಎಂದರು.

ಬರೆದಿರಲಿಲ್ಲ. ಇದೇ ಮಳೆ, ಇದೇ ಮಣ್ಣು ಇರುವ ಬೇರೆ ಯಾವ ಊರಿನಲ್ಲಾದರೂ ಬಾವಿಗೆ ನೀರು ಮರಳಿದೆಯೇ, ಹೇಗೆ, ಎಷ್ಟು ಖರ್ಚಿನಲ್ಲಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಈ ಪ್ರಶ್ನೆಯನ್ನು ಕೇಳುವ ಬಗೆಗೆ ರಚನಾತ್ಮಕ ಪತ್ರಿಕೋದ್ಯಮ ಎನ್ನುತ್ತಾರೆ. ಡೆನ್ಮಾರ್ಕಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಲ್ಲಿ ಸುದ್ದಿ ವಿಭಾಗದ ಮುಖ್ಯಸ್ಥರಾಗಿದ್ದ ಉಲ್ರಿಕ್ ಹಾಗರೂಪ್ 2017ರಲ್ಲಿ ಆರ್ಹಸ್ ನಗರದಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ 2013ರಲ್ಲೇ 'ಸಲ್ಯೂಷನ್ಸ್ ಜರ್ನಲಿಸಂ ನೆಟ್‌ವರ್ಕ್' ಹುಟ್ಟಿತ್ತು. ಸಮಸ್ಯೆಗೆ ಜನ ಏನು ಮಾಡಿದರು, ಅದು ಫಲಿಸಿದ್ದಕ್ಕೆ ಪುರಾವೆ ಏನು, ಇತರರಿಗೆ ಅದರಲ್ಲಿ ಪಾಠವೇನು, ಅದರ ಮಿತಿ ಎಲ್ಲಿ ಎಂಬ ನಾಲ್ಕೂ ವರದಿಯಲ್ಲಿರಬೇಕೆಂದು ಆ ಸಂಸ್ಥೆ ಹೇಳುತ್ತದೆ. ಆದರೆ ಇದನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಿಲ್ಲ. ಪುತ್ತೂರಿಗೆ ಹೋದರೆ ಸಾಕು.

ಎಂಬತ್ತರ ದಶಕದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ಆಗಿನ ಕೃಷಿ ಬರಹಗಳು ಬಹುಮಟ್ಟಿಗೆ ಕಚೇರಿ, ಪ್ರಯೋಗಶಾಲೆಗಳಿಂದ ಬರುತ್ತಿದ್ದವು. ತೋಟದಲ್ಲಿ ಕೈ ಕೆಸರು ಮಾಡಿಕೊಂಡವನ ಮಾತು ಅದರಲ್ಲಿ ವಿರಳ. 1988ರಲ್ಲಿ ಕೃಷಿಕರೇ ಸೇರಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಎಂಬ ಮಾಸಿಕ ಆರಂಭಿಸಿದರು. ಶ್ರೀ ಪಡ್ರೆ ಅದರ ಸಂಪಾದಕತ್ವ ವಹಿಸಿದರು. 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನಲ್ಲಿ ಶಿಬಿರ ನಡೆಸಿ, ಎಂದೂ ಬರೆಯದವರಿಗೆ ಬರೆಯಲು ಕಲಿಸಿದರು. 2021ರ ಲಾಕ್‌ಡೌನ್ ದಿನಗಳಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾದಾಗ ಅದನ್ನು ಮನೆಯಲ್ಲೇ ಒಣಗಿಸಿ ಹುಡಿ ಮಾಡುವ 'ಬಾಕಾಹು' ಆಂದೋಲನಕ್ಕೆ ಬೆಂಬಲವಾಗಿ ನಿಂತದ್ದೂ ಇದೇ ಬಳಗ.

ನನಗೆ ಮುಖ್ಯವೆನಿಸಿದ್ದು ಅಲ್ಲಿನ ಒಂದು ಸಣ್ಣ ಪದ್ಧತಿ. ಲೇಖನದ ಕೊನೆಗೆ ಆ ಕೃಷಿಕನ ಸಂಪರ್ಕದ ವಿವರ ಇರುತ್ತದೆ. ಅನುಮಾನವಿದ್ದವರು ಫೋನು ಮಾಡಬಹುದು, ಬಸ್ಸು ಹತ್ತಿ ಹೋಗಿ ತೋಟವನ್ನೇ ನೋಡಬಹುದು. ಬರೆದದ್ದು ಸುಳ್ಳಾದರೆ ಮರುವಾರವೇ ಬಯಲಾಗುತ್ತದೆ! 'ಪೇಪರಿನವರು ಬರೀತಾರೆ ಬಿಡಿ' ಎಂದು ಜನ ನಮ್ಮನ್ನು ತಳ್ಳಿಹಾಕುವ ಈ ದಿನಗಳಲ್ಲಿ, ಇಷ್ಟು ಧೈರ್ಯದಿಂದ ಓದುಗನ ಕೈಗೆ ತನಿಖೆಯನ್ನು ಒಪ್ಪಿಸುವ ದಿನಪತ್ರಿಕೆಗಳು ಎಷ್ಟಿವೆ?

ಹಾಗೆಂದು ಯಶೋಗಾಥೆಗಳೆಲ್ಲ ಒಳ್ಳೆಯವಲ್ಲ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ವೆನಿಲ್ಲಾ ಬೆಳೆ ಹಾಳಾಯಿತು. ಜಗತ್ತಿನಲ್ಲಿ ಬೆಲೆ ಏರಿತು, ಕರಾವಳಿ-ಮಲೆನಾಡಿನಲ್ಲಿ ಹಸಿ ವೆನಿಲ್ಲಾ ಕಿಲೋಗೆ ಸಾವಿರಾರು ರೂಪಾಯಿ ಮುಟ್ಟಿತು. ಲಕ್ಷ ಎಣಿಸಿದವರ ಕಥೆಗಳು ಅಚ್ಚಾದವು. ಸಾಲ ಮಾಡಿ ಬಳ್ಳಿ ನೆಟ್ಟವರ ಕೊಯ್ಲು ಬರುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಮಡಗಾಸ್ಕರಿನಲ್ಲಿ ಬಳ್ಳಿ ಮತ್ತೆ ಚಿಗುರಿದರೆ ಏನು ಗತಿ ಎಂಬ ಒಂದು ಸಾಲು ಆ ಕಥೆಗಳಲ್ಲಿ ಎಲ್ಲೆಲ್ಲಿ ಇರಲಿಲ್ಲವೋ ಅಲ್ಲಲ್ಲಿ ನಾವು ಓದುಗನನ್ನು ನಡುನೀರಿನಲ್ಲಿ ಕೈಬಿಟ್ಟಂತಾಯಿತು. ಅದು ಪರಿಹಾರದ ವರದಿಯಲ್ಲ, ಬಿಟ್ಟಿ ಜಾಹೀರಾತು.

ಪರಿಹಾರ ಹುಡುಕಹೊರಟವರು ಅಧಿಕಾರಸ್ಥರನ್ನು ಪ್ರಶ್ನಿಸುವುದನ್ನು ಬಿಡುತ್ತಾರೆಂಬ ಆಕ್ಷೇಪವೂ ಇದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ ಅದರ ಅಪಾಯವನ್ನು ಮೊದಮೊದಲು ಬರೆದವರಲ್ಲಿ ಇದೇ ಪಡ್ರೆಯವರು ಒಬ್ಬರು. ಆ ಕೀಟನಾಶಕಕ್ಕೆ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಮಳೆಕೊಯ್ಲಿನ ಬಗ್ಗೆ ಬರೆದ ಪೆನ್ನೇ ಅದನ್ನೂ ಬರೆದಿತ್ತು.

ಇನ್ನು ನನ್ನ ಕಥೆ. ಹಿರಿಯರ ಮಾತು ಚುಚ್ಚಿದ ಮೇಲೆ, ಕೊಳವೆ ಬಾವಿಯ ಸುತ್ತ ಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರು ಇಂಗಿಸಿದ ರೈತರೊಬ್ಬರ ಬಗ್ಗೆ ಬರೆದೆ, ಅವರ ಒಪ್ಪಿಗೆ ಪಡೆದು ಫೋನ್ ನಂಬರನ್ನೂ ಕೊಟ್ಟೆ. ಮರುವರ್ಷ ಓದುಗರೊಬ್ಬರು ಕರೆ ಮಾಡಿದರು. ವರದಿ ನೋಡಿ ಅವರೂ ಗುಂಡಿ ಮಾಡಿದ್ದರು, ಹೂಳು ಕಟ್ಟಿ ನೀರು ಇಳಿಯುತ್ತಿರಲಿಲ್ಲ. 'ನೀವು ಕೊಟ್ಟ ನಂಬರಿಗೆ ಕೇಳಿದೆ ಸಾರ್. ಮೇಲಿನ ಮರಳನ್ನು ಪ್ರತಿವರ್ಷ ತೆಗೆದು ತೊಳೀಬೇಕಂತೆ. ಅವರು ನಿಮಗೂ ಹೇಳಿದ್ದರಂತಲ್ಲ, ಅದನ್ಯಾಕೆ ಬಿಟ್ಟಿರಿ?'

ಜಾಗ ಸಾಲದೆ ಬಿಟ್ಟಿದ್ದೆ. ಮರುದಿನವೇ ಆ ಸಾಲನ್ನು ಬರೆದು ಕೊಟ್ಟೆ. ಒಳಪುಟದ ಮೂಲೆಯಲ್ಲಿ ಬಂತು.