ಹೆಗಲಿಗೆ ಹೊಂದುವ ಕೋವಿ



ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅದು ಹಾಗೆಯೇ ಇರಲಿ. ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡಬಹುದು. ಅಲ್ಲಿನ ಬಲ್ಲ ಹಿರಿಯರು ಮನೆಯ ಮಕ್ಕಳಿಗೆ ಮೊದಲ ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಕೋವಿ, ಆರಿಸುವ ರೀತಿ ನನಗೆ ಮೆಚ್ಚುಗೆ.

ಹುಡುಗನ ಕಣ್ಣು ಮೊದಲು ಹೋಗುವುದು ಭಾರಿ ಕೋವಿಯ ಮೇಲೆ. 1963ರಲ್ಲಿ ಬಂದ 300 ವಿಂಚೆಸ್ಟರ್ ಮ್ಯಾಗ್ನಮ್ ಗುಂಡಿನ ಕೋವಿ ಅಂಥದ್ದು. ಬಲ ಹೆಚ್ಚು, ಭುಜಕ್ಕೆ ಒದೆತವೂ ಹೆಚ್ಚು. ತಿಳಿದವರು 1955ರಲ್ಲಿ ಬಂದ 243 ವಿಂಚೆಸ್ಟರ್ ಗುಂಡಿನ ಕೋವಿ ಕೊಡಿಸುತ್ತಾರೆ. ಜಿಂಕೆಗೆ ಅದು ಸಾಕು.

ಒದೆತದ ಭಯ ವಿಚಿತ್ರ. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಬಿಗಿಯುತ್ತದೆ. ಗುಂಡು ಗುರಿ ತಪ್ಪುತ್ತದೆ. ಗಾಯಗೊಂಡ ಪ್ರಾಣಿ ಎಲ್ಲೋ ಪೊದೆಯಲ್ಲಿ ನರಳುತ್ತದೆ. ನನ್ನನ್ನು ಕಾಡುವುದು ಇದೇ. ಮಕ್ಕಳ ಹೆಗಲಿಗೆ ನಾವು ಹೊರಿಸುವ ದೊಡ್ಡ ದೊಡ್ಡ ಆಸೆಗಳೂ ಆಗ ನೆನಪಾಗುತ್ತವೆ.

ಕಲಿಸುವವರು ಒಂದು ಉಪಾಯ ಮಾಡುತ್ತಾರೆ. ಹುಡುಗನಿಗೆ ತಿಳಿಯದಂತೆ ಮದ್ದಿಲ್ಲದ ಡಮ್ಮಿ ಗುಂಡು ತುಂಬುತ್ತಾರೆ. ಟ್ರಿಗರ್ ಒತ್ತಿದಾಗ ಬರೀ ಟಿಕ್ ಎನ್ನುತ್ತದೆ. ಆದರೂ ನಳಿಗೆ ಅದುರಿ ಕೆಳಗೆ ಬಾಗುತ್ತದೆ. ಅವನ ಭಯ ಅವನ ಕಣ್ಣಿಗೇ ಕಾಣುತ್ತದೆ. ಯಾರೂ ಬೈಯಬೇಕಿಲ್ಲ.

ಮರದ ಹಿಡಿಯ ಉದ್ದವನ್ನೂ ನೋಡುತ್ತಾರೆ. ಮಗು ಕತ್ತು ಚಾಚುವಂತಿದ್ದರೆ ಹಿಡಿಯನ್ನು ಕತ್ತರಿಸಿ ಗಿಡ್ಡ ಮಾಡಿಸುತ್ತಾರೆ. ಕತ್ತರಿಸಿದ ತುಂಡನ್ನು ಎಸೆಯುವುದಿಲ್ಲ. ಮಗು ಬೆಳೆದ ಮೇಲೆ ಅದನ್ನೇ ಮತ್ತೆ ಜೋಡಿಸಬಹುದು.