ಬ್ರಿಜ್ ಆಟದ ಲೆಕ್ಕ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಮುಖ ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಉಂಟು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಎಲೆ ಕಲಸಿದ ಕಡೆ ಹಣ ಬಂದು ಕೂರುತ್ತದೆ, ಹಣ ಕೂತ ಕಡೆ ಮನಸ್ತಾಪ ಹುಟ್ಟುತ್ತದೆ ಎಂಬುದು ಅವರು ಕಂಡುಂಡ ಸಂಗತಿ. ಆದರೆ ಅದೇ ಐವತ್ತೆರಡು ಎಲೆಗಳಿಂದ ಆಡುವ ಬ್ರಿಜ್ ಎಂಬ ಆಟಕ್ಕೆ ಹಣ ಬೇಕಾಗಿಯೇ ಇಲ್ಲ. ಅಲ್ಲಿ ಪಣಕ್ಕೆ ಇಡುವುದು ಆಡಿದ ಮಾತು. ಆಡಿದಂತೆ ನಡೆದರೆ ಲಾಭ, ತಪ್ಪಿದರೆ ದಂಡ. ಈ ಲಾಭದಂಡಗಳನ್ನು ಬರೆದಿಡುವ ಕ್ರಮವೇ ಇಂದಿನ ಮಾತಿನ ವಿಷಯ.

ಎಲೆಯಾಟ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಎಲೆಗಳಿಂದ ಆಡುವ ಆಟಗಳನ್ನು ತಾವೇ ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ಇನ್ನು ನ್ಯಾಯಾಲಯದ ಮಾತು. ೧೯೬೭ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯ ಮೊಕದ್ದಮೆಯೊಂದರಲ್ಲಿ ತೀರ್ಪು ಕೊಡುತ್ತ, ಬ್ರಿಜ್ಜನ್ನೂ ಹೆಸರಿಸಿ, ಎಲೆ ಕಲಸಿ ಹಂಚುವ ಆಟಗಳಲ್ಲೆಲ್ಲ ಅದೃಷ್ಟದ ಪಾಲು ಒಂದಿಷ್ಟು ಇದ್ದೇ ಇರುತ್ತದೆ ಎಂದಿತು. ಆದರೂ ರಮ್ಮಿ ಮುಖ್ಯವಾಗಿ ಕುಶಲತೆಯ ಆಟವೆಂದೇ ಹೇಳಿತು. ಬ್ರಿಜ್ಜಿನಲ್ಲಿ ಆ ಕುಶಲತೆ ಹೇಗೆ ತೂಗಲ್ಪಡುತ್ತದೆ ಎಂಬುದು ಲೆಕ್ಕದ ಕಾಗದ ನೋಡಿದರೆ ತಿಳಿಯುತ್ತದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ, ಬೆಂಗಳೂರಿನ ಈ ಪಡುವಣ ಬಡಾವಣೆಗಳಲ್ಲಿ ಕಾರ್ಖಾನೆ ಕಚೇರಿಗಳಿಂದ ನಿವೃತ್ತರಾದವರು ಬಹಳ ಮಂದಿ. ಸಂಜೆಯ ಕಾಫಿಯ ಮೇಲೆ ನಾಲ್ಕು ಜನ ಸೇರಿದರೆ ಬ್ರಿಜ್ ಕಲಿಯುವುದು ಕಷ್ಟವಲ್ಲ. ಆದರೆ ಕಲಿಯಲು ಹೊರಟವರು ಸಾಮಾನ್ಯವಾಗಿ ಒಂದು ಕಡೆ ಮುಗ್ಗರಿಸುತ್ತಾರೆ. ‘ಎಲೆ ಹಾಕುವುದು ನನಗೆ ಬರುತ್ತದೆ, ಲೆಕ್ಕ ನೀವೇ ಬರೆದುಕೊಳ್ಳಿ’ ಎಂದುಬಿಡುತ್ತಾರೆ. ಇದು ಬೆಲೆ ತಿಳಿಯದೆ ಸಂತೆಗೆ ಹೋದಂತೆ. ಎಷ್ಟರವರೆಗೆ ಕೂಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಸುವುದೇ ಲೆಕ್ಕ. ಅದನ್ನು ಬಿಟ್ಟವರು ಆಟದ ಅರ್ಧವನ್ನು ಬಿಟ್ಟಂತೆ.

ನಮ್ಮ ಅನೇಕ ಮನೆಗಳಲ್ಲಿ ಇಪ್ಪತ್ತೆಂಟು ಎಂಬ ಆಟ ಬಳಕೆಯಲ್ಲಿದೆ. ಗುಲಾಮನಿಗೆ ೩, ಒಂಬತ್ತಕ್ಕೆ ೨, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಹೀಗೆ ಒಂದು ಜಾತಿಗೆ ೭, ನಾಲ್ಕು ಜಾತಿಗೆ ೨೮. ಇಷ್ಟು ತರುತ್ತೇವೆಂದು ಕೂಗುವುದು, ತುರುಪು ಇಡುವುದು, ಎದುರು ಕೂತವನು ಜತೆಗಾರನಾಗುವುದು, ಇವೆಲ್ಲ ಅಲ್ಲಿಯೂ ಉಂಟು. ಆದ್ದರಿಂದ ಇಪ್ಪತ್ತೆಂಟು ಬಲ್ಲವರಿಗೆ ಬ್ರಿಜ್ಜಿನ ಮುಕ್ಕಾಲು ಪಾಲು ಬಂದಂತೆಯೇ. ಭೇದವೇನೆಂದರೆ, ಬ್ರಿಜ್ಜಿನಲ್ಲಿ ಎಲೆಗೆ ಬೆಲೆಯಿಲ್ಲ, ಗೆದ್ದ ಸುತ್ತಿಗೆ ಬೆಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಅದೊಂದು ಸುತ್ತು. ಅದನ್ನು ಗೆದ್ದರೆ ಒಂದು ಟ್ರಿಕ್ಕು. ಒಬ್ಬೊಬ್ಬರಿಗೆ ೧೩ ಎಲೆ. ಆದ್ದರಿಂದ ಒಂದು ಹಂಚಿಕೆಗೆ ೧೩ ಟ್ರಿಕ್ಕು.

ಈಗ ಒಂದು ಕಾಗದ, ಒಂದು ಪೆನ್ಸಿಲ್ಲು ತೆಗೆದುಕೊಳ್ಳಿ. ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದು ಎಡಕ್ಕೆ ‘ನಾವು’, ಬಲಕ್ಕೆ ‘ಅವರು’ ಎಂದು ಬರೆಯಿರಿ. ನಡುವೆ ಅಡ್ಡಲಾಗಿ ಇನ್ನೊಂದು ಗೆರೆ ಎಳೆಯಿರಿ. ಈ ಅಡ್ಡಗೆರೆಯೇ ಆಟದ ಜೀವಾಳ. ಕೂಗಿ, ಕೂಗಿದಂತೆ ತಂದ ಟ್ರಿಕ್ಕುಗಳ ಬೆಲೆ ಗೆರೆಯ ಕೆಳಗೆ. ಉಳಿದದ್ದೆಲ್ಲ, ಎಂದರೆ ಕೂಗದೆ ಬಂದ ಹೆಚ್ಚಿನ ಟ್ರಿಕ್ಕು, ಎದುರಾಳಿ ತೆತ್ತ ದಂಡ, ಬಹುಮಾನ ಮುಂತಾದವು, ಗೆರೆಯ ಮೇಲೆ.

ಮೊದಲ ಆರು ಟ್ರಿಕ್ಕಿಗೆ ಬೆಲೆಯಿಲ್ಲ. ಅದು ಅಂಗಡಿಗೆ ಹಾಕಿದ ಬಂಡವಾಳವಿದ್ದಂತೆ. ಏಳನೆಯದರಿಂದ ಎಣಿಕೆ ಆರಂಭ. ‘ಎರಡು ಆಟೀನು’ ಎಂದು ಕೂಗಿದರೆ ಆಟೀನು ತುರುಪಾಗಿ ಆರರ ಮೇಲೆ ಎರಡು, ಒಟ್ಟು ಎಂಟು ಟ್ರಿಕ್ಕು ತರುತ್ತೇವೆಂದು ಅರ್ಥ. ಕಳಾವರು, ಡೈಮನ್ನುಗಳಲ್ಲಿ ಒಂದು ಟ್ರಿಕ್ಕಿಗೆ ೨೦. ಆಟೀನು, ಇಸ್ಪೇಟುಗಳಲ್ಲಿ ೩೦. ತುರುಪಿಲ್ಲದೆ ಆಡುತ್ತೇವೆಂದರೆ ಮೊದಲನೆಯದಕ್ಕೆ ೪೦, ಮುಂದಿನ ಒಂದೊಂದಕ್ಕೂ ೩೦.

ಗೆರೆಯ ಕೆಳಗೆ ೧೦೦ ಕೂಡಿದರೆ ಒಂದು ಗೇಮು. ಒಂದೇ ಹಂಚಿಕೆಯಲ್ಲಿ ನೂರು ಮುಟ್ಟಬೇಕಾದರೆ ತುರುಪಿಲ್ಲದೆ ಮೂರು ಕೂಗಬೇಕು. ಆಟೀನು ಇಸ್ಪೇಟುಗಳಲ್ಲಿ ನಾಲ್ಕು. ಕಳಾವರು ಡೈಮನ್ನುಗಳಲ್ಲಿ ಐದು. ಟ್ರಿಕ್ಕಿನ ಲೆಕ್ಕದಲ್ಲಿ ಕ್ರಮವಾಗಿ ೯, ೧೦, ೧೧. ಹೊಸಬರು ಬಾಯಿಪಾಠ ಮಾಡಬೇಕಾದದ್ದು ಈ ಮೂರು ಅಂಕಿಗಳನ್ನು. ಡೈಮನ್ನು ಎಷ್ಟು ಚೆನ್ನಾಗಿ ಬಂದಿದ್ದರೂ, ಹನ್ನೊಂದು ತರುವುದಕ್ಕಿಂತ ತುರುಪಿಲ್ಲದೆ ಒಂಬತ್ತು ತರುವುದು ಸುಲಭವೇ ಎಂದು ಅನುಭವಿಗಳು ಯೋಚಿಸುವುದು ಇದರಿಂದಲೇ.

ಮೂರು ಗೇಮುಗಳಲ್ಲಿ ಎರಡನ್ನು ಮೊದಲು ಗೆದ್ದವರಿಗೆ ರಬ್ಬರ್. ಎದುರಾಳಿಗೆ ಒಂದು ಗೇಮೂ ಬಿಟ್ಟುಕೊಡದೆ ಗೆದ್ದರೆ ೭೦೦, ಒಂದು ಬಿಟ್ಟುಕೊಟ್ಟು ಗೆದ್ದರೆ ೫೦೦ ಬಹುಮಾನ. ಒಂದು ಗೇಮು ಗೆದ್ದ ಪಕ್ಷವನ್ನು ‘ವಲ್ನರಬಲ್’ ಎನ್ನುತ್ತಾರೆ. ಅವರು ರಬ್ಬರಿಗೆ ಹತ್ತಿರವಾದರು. ಆದ್ದರಿಂದ ಮಾತು ತಪ್ಪಿದರೆ ಅವರಿಗೆ ದಂಡವೂ ಹೆಚ್ಚು. ಗೇಮು ಗೆಲ್ಲದವರು ಕೂಗಿದ್ದಕ್ಕಿಂತ ಕಡಿಮೆ ತಂದರೆ ಒಂದೊಂದು ಟ್ರಿಕ್ಕಿಗೂ ೫೦, ಗೆದ್ದವರಿಗೆ ೧೦೦. ಈ ದಂಡ ಎದುರಾಳಿಯ ಕಡೆ ಗೆರೆಯ ಮೇಲೆ ಸೇರುತ್ತದೆ.

ಎದುರಾಳಿ ಅತಿಯಾಗಿ ಕೂಗಿದ ಎಂದು ನಿಮಗೆ ತೋರಿದರೆ ‘ಡಬಲ್’ ಎನ್ನಬಹುದು. ಆಗ ಗೇಮು ಗೆಲ್ಲದವರಿಗೆ ಮೊದಲನೆಯ ಕೊರತೆಗೆ ೧೦೦, ಎರಡನೆಯದಕ್ಕೂ ಮೂರನೆಯದಕ್ಕೂ ೨೦೦ರಂತೆ ದಂಡ. ಗೆದ್ದವರಿಗೆ ಮೊದಲನೆಯದಕ್ಕೆ ೨೦೦, ಆ ಮೇಲಿನ ಒಂದೊಂದಕ್ಕೂ ೩೦೦. ಆದರೆ ಡಬಲ್ ಎಂಬುದು ಎರಡಲಗಿನ ಕತ್ತಿ. ಎರಡು ಇಸ್ಪೇಟು ಕೂಗಿದವರಿಗೆ ನೀವು ಡಬಲ್ ಹೇಳಿ, ಅವರು ಎಂಟು ಟ್ರಿಕ್ಕು ತಂದರೆ, ಅವರ ೬೦ ಇಮ್ಮಡಿಯಾಗಿ ೧೨೦ ಆಗುತ್ತದೆ. ಕೂಗದ ಗೇಮನ್ನು ನೀವೇ ಅವರ ಕೈಗೆ ಇಟ್ಟಂತಾಯಿತು. ಸಾಲದೆಂಬಂತೆ ಗೆರೆಯ ಮೇಲೆ ಇನ್ನೂ ೫೦ ಅವರಿಗೆ.

ಈಗ ಒಂದು ರಬ್ಬರನ್ನು ಬರೆದು ನೋಡೋಣ. ಮೊದಲನೆಯ ಹಂಚಿಕೆ: ನಾವು ಎರಡು ಆಟೀನು ಕೂಗಿ ೯ ಟ್ರಿಕ್ಕು ತಂದೆವು. ಕೂಗಿದ ಎರಡಕ್ಕೆ ಕೆಳಗೆ ೬೦. ಹೆಚ್ಚಿನ ಒಂದಕ್ಕೆ ಮೇಲೆ ೩೦. ಎರಡನೆಯದು: ಅವರು ತುರುಪಿಲ್ಲದೆ ಮೂರು ಕೂಗಿ ಸರಿಯಾಗಿ ೯ ತಂದರು. ಕೆಳಗೆ ೧೦೦, ಅವರಿಗೆ ಗೇಮು. ಈಗ ಎರಡೂ ಕಡೆಯ ಅಂಕಿಗಳ ಕೆಳಗೆ ಹೊಸ ಗೆರೆ ಎಳೆಯಬೇಕು. ನಮ್ಮ ೬೦ ಕೊನೆಯ ಮೊತ್ತಕ್ಕೆ ಉಂಟು, ಮುಂದಿನ ಗೇಮಿಗೆ ಇಲ್ಲ. ಮೂರನೆಯದು: ನಾವು ನಾಲ್ಕು ಇಸ್ಪೇಟು ಕೂಗಿ ೧೦ ತಂದೆವು. ಕೆಳಗೆ ೧೨೦, ನಮಗೂ ಗೇಮು. ಮತ್ತೊಂದು ಗೆರೆ. ಈಗ ಎರಡು ಪಕ್ಷವೂ ವಲ್ನರಬಲ್.

ನಾಲ್ಕನೆಯ ಹಂಚಿಕೆಯಲ್ಲಿ ಅವರು ಐದು ಡೈಮನ್ನು ಕೂಗಿದರು. ನಾವು ಡಬಲ್ ಎಂದೆವು. ೧೧ ಬೇಕಾಗಿದ್ದಲ್ಲಿ ಅವರಿಗೆ ಬಂದದ್ದು ೯. ಎರಡು ಕೊರತೆಗೆ ೨೦೦, ೩೦೦, ಒಟ್ಟು ೫೦೦ ನಮ್ಮ ಕಡೆ ಮೇಲೆ. ಐದನೆಯದರಲ್ಲಿ ಅವರು ತುರುಪಿಲ್ಲದೆ ಎರಡು ಕೂಗಿ ತಂದರು. ೪೦, ೩೦ ಸೇರಿ ೭೦ ಅವರ ಕೆಳಗೆ. ಆರನೆಯದರಲ್ಲಿ ನಾವು ನಾಲ್ಕು ಆಟೀನು ಕೂಗಿ ೧೧ ತಂದೆವು. ಕೆಳಗೆ ೧೨೦, ಮೇಲೆ ೩೦. ಎರಡನೆಯ ಗೇಮು ನಮ್ಮದಾಯಿತು. ರಬ್ಬರಿಗೆ ಇನ್ನು ೫೦೦.

ಕೂಡಿ ನೋಡಿ. ನಮ್ಮ ಕೆಳಗೆ ೬೦, ೧೨೦, ೧೨೦, ಒಟ್ಟು ೩೦೦. ಮೇಲೆ ೩೦, ೫೦೦, ೩೦, ೫೦೦, ಒಟ್ಟು ೧೦೬೦. ಎರಡೂ ಸೇರಿ ೧೩೬೦. ಅವರದು ೧೦೦, ೭೦, ಒಟ್ಟು ೧೭೦. ನಮ್ಮ ಹೆಚ್ಚಳ ೧೧೯೦.

ಈ ಕಾಗದದಲ್ಲಿ ನಾಲ್ಕನೆಯ ಹಂಚಿಕೆಯನ್ನು ಇನ್ನೊಮ್ಮೆ ನೋಡಬೇಕು. ಅವರು ತಂದದ್ದು ೯ ಟ್ರಿಕ್ಕು. ಮೂರು ಡೈಮನ್ನು ಎಂದು ನಿಂತಿದ್ದರೆ ಅದೇ ಎಲೆಗೆ, ಅದೇ ಒಂಬತ್ತಕ್ಕೆ ಅವರಿಗೆ ೬೦ ಬರುತ್ತಿತ್ತು. ಐದು ಎಂದದ್ದರಿಂದ ನಮಗೆ ೫೦೦ ಹೋಯಿತು. ೫೬೦ರ ಅಂತರ ಹುಟ್ಟಿದ್ದು ಕೂಗಿನಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಕ್ಕದು. ಹಾಗೆಂದು ಹೆದರಿ ಕೂತರೂ ನಷ್ಟವೇ. ಕೊನೆಯ ಹಂಚಿಕೆಯಲ್ಲಿ ನಾವು ಎರಡು ಆಟೀನು ಎಂದು ನಿಂತಿದ್ದರೆ, ೧೧ ಟ್ರಿಕ್ಕು ಬಂದರೂ ಕೆಳಗೆ ೬೦ ಮಾತ್ರ. ಗೇಮೂ ಇಲ್ಲ, ರಬ್ಬರೂ ಇಲ್ಲ. ತನ್ನ ಶಕ್ತಿಯನ್ನು ಇದ್ದಷ್ಟೇ ಹೇಳುವವನಿಗೆ ಈ ಆಟ ಒಲಿಯುತ್ತದೆ.

ಹಿಂದೆ ಹೀಗಿರಲಿಲ್ಲ. ಆಕ್ಷನ್ ಬ್ರಿಜ್ ಎಂಬ ಹಳೆಯ ಆಟದಲ್ಲಿ, ಕೂಗಿದ್ದು ಕಡಿಮೆಯಾದರೂ ತಂದ ಟ್ರಿಕ್ಕುಗಳೆಲ್ಲ ಗೇಮಿನ ಲೆಕ್ಕಕ್ಕೆ ಸೇರುತ್ತಿದ್ದವು. ಅಗ್ಗವಾಗಿ ಕೂಗಿ ಹೆಚ್ಚು ಬಾಚಿಕೊಳ್ಳಲು ಅಲ್ಲಿ ಅವಕಾಶವಿತ್ತು. ಕೂಗಿದ್ದು ಮಾತ್ರ ಗೇಮಿಗೆ ಸಲ್ಲುವ ಪ್ಲಾಫೋನ್ ಎಂಬ ಆಟ ಫ್ರಾನ್ಸಿನಲ್ಲಿತ್ತು. ೧೯೨೫ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬಾತ ಲಾಸ್ ಏಂಜಲೀಸಿನಿಂದ ಪನಾಮಾ ಕಾಲುವೆಯ ಮೂಲಕ ಹವಾನಾಕ್ಕೆ ಹೋಗುವ ಹಡಗಿನಲ್ಲಿ, ಆ ತತ್ತ್ವವನ್ನು ಹಿಡಿದು ಹೊಸದೊಂದು ಲೆಕ್ಕದ ಪಟ್ಟಿಯನ್ನು ಗೆಳೆಯರೊಡನೆ ಆಡಿ ನೋಡಿದ. ವಲ್ನರಬಲ್ ಎಂಬ ಹೆಸರನ್ನು ಸೂಚಿಸಿದವಳು ಆ ಹಡಗಿನಲ್ಲಿದ್ದ ಒಬ್ಬ ಯುವತಿಯಂತೆ. ಎಲೆ ಬದಲಾಗಲಿಲ್ಲ, ಎಲೆ ಹಾಕುವ ಕ್ರಮ ಬದಲಾಗಲಿಲ್ಲ. ಲೆಕ್ಕ ಬದಲಾದದ್ದಕ್ಕೆ ಆಟವೇ ಹೊಸದಾಯಿತು. ಇಂದು ಲೋಕವೆಲ್ಲ ಆಡುವ ಕಾಂಟ್ರಾಕ್ಟ್ ಬ್ರಿಜ್ ಅದೇ.

ಧೈರ್ಯಕ್ಕೂ ಈ ಪಟ್ಟಿಯಲ್ಲಿ ಪ್ರತಿಫಲವುಂಟು. ೧೨ ಟ್ರಿಕ್ಕು ತರುತ್ತೇವೆಂದು ಕೂಗಿ ತಂದರೆ ಅದು ಸಣ್ಣ ಸ್ಲ್ಯಾಮ್. ಬಹುಮಾನ ೫೦೦, ವಲ್ನರಬಲ್ ಆಗಿದ್ದರೆ ೭೫೦. ಹದಿಮೂರನ್ನೂ ಕೂಗಿ ತಂದರೆ ದೊಡ್ಡ ಸ್ಲ್ಯಾಮ್. ೧೦೦೦, ಇಲ್ಲವೆ ೧೫೦೦. ಕೂಗದೆ ತಂದರೆ ಈ ಬಹುಮಾನವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

‘ಒಳ್ಳೆಯ ಎಲೆ ಅವರಿಗೇ ಬಂತಲ್ಲ, ಇದರಲ್ಲಿ ಜಾಣತನವೇನು?’ ಎಂದು ಯಾರಾದರೂ ಕೇಳಿಯಾರು. ಮನೆಯ ರಬ್ಬರಿನಲ್ಲಿ ಈ ಮಾತಿಗೆ ಬೆಲೆಯುಂಟು. ಪಂದ್ಯಗಳಲ್ಲಿ ಅದಕ್ಕೂ ಉಪಾಯ ಮಾಡಿದ್ದಾರೆ. ಹಂಚಿದ ಎಲೆಗಳನ್ನು ಹಾಗೆಯೇ ಜೋಡಿಸಿಟ್ಟು ಮೇಜಿನಿಂದ ಮೇಜಿಗೆ ಕಳುಹಿಸುತ್ತಾರೆ. ಅದೇ ಎಲೆಯಿಂದ ಬೇರೆ ಜೋಡಿಗಳು ಏನು ಮಾಡಿದವು ಎಂದು ಹೋಲಿಸುತ್ತಾರೆ. ಅಲ್ಲಿ ರಬ್ಬರ್ ಇಲ್ಲ. ಗೇಮು ಕೂಗಿ ತಂದರೆ ಕೂಡಲೆ ೩೦೦, ವಲ್ನರಬಲ್ ಆದರೆ ೫೦೦. ಗೇಮಿಗಿಂತ ಕಡಿಮೆ ಕೂಗಿ ತಂದರೆ ೫೦. ತುರುಪಿಲ್ಲದೆ ಮೂರು ತಂದವರಿಗೆ ೪೦೦, ಅದೇ ಎಲೆಯಲ್ಲಿ ನಾಲ್ಕು ಇಸ್ಪೇಟು ತಂದವರಿಗೆ ೪೨೦. ಜೋಡಿಗಳ ಪಂದ್ಯದಲ್ಲಿ ಆ ೨೦ರ ಅಂತರವೇ ಸೋಲು ಗೆಲುವು ಆಗಬಹುದು. ೨೦೧೮ರಲ್ಲಿ ಜಕಾರ್ತದ ಏಷ್ಯಾ ಕ್ರೀಡಾಕೂಟದಲ್ಲಿ ನಮ್ಮ ದೇಶದ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಅವರು ಪುರುಷರ ಜೋಡಿ ಪಂದ್ಯದಲ್ಲಿ ಚಿನ್ನದ ಪದಕ ಗೆದ್ದರು. ಆಗ ಒಬ್ಬರ ವಯಸ್ಸು ೬೦, ಇನ್ನೊಬ್ಬರದು ೫೬. ಓಟ ಜಿಗಿತಗಳ ನಡುವೆ ಇಂಥ ಪದಕ ಬಂದದ್ದು ನಿವೃತ್ತರಿಗೆ ಒಳ್ಳೆಯ ಸುದ್ದಿಯಲ್ಲವೇ?

ಕೊನೆಗೆ ಒಂದು ಸಲಹೆ. ಕೂಗು ಗೆದ್ದವನು ಆಡುವಾಗ ಅವನ ಜತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು ಸುಮ್ಮನಿರುತ್ತಾನೆ. ಅವನನ್ನು ಡಮ್ಮಿ ಎನ್ನುತ್ತಾರೆ. ಕೈ ಬಿಡುವಾಗಿರುವ ಆ ಹೊತ್ತಿನಲ್ಲಿ ಲೆಕ್ಕದ ಕಾಗದ ಅವನ ಮುಂದಿರಲಿ. ಹೊಸಬರಿದ್ದರೆ ಪೆನ್ಸಿಲ್ಲು ಮೊದಲು ಅವರ ಕೈಗೆ ಕೊಡಿ. ಆಡುವ ನಾಲ್ವರ ಬಳಿ ಕುತೂಹಲದಿಂದ ಬಂದು ಕೂತ ಮಕ್ಕಳಿಗೂ ಕೊಡಬಹುದು. ನಾಲ್ಕು ಸಂಜೆ ಗೆರೆಯ ಮೇಲೆ ಕೆಳಗೆ ಬರೆದವರು ಐದನೆಯ ಸಂಜೆ ಕೂಗುವಾಗ ಒಂದು ಕ್ಷಣ ತಡೆದು ಯೋಚಿಸುತ್ತಾರೆ. ಅಲ್ಲಿಂದ ಅವರು ಬ್ರಿಜ್ ಆಡತೊಡಗಿದರೆಂದು ತಿಳಿಯಿರಿ.